ಬೇಯಿಸಿದವರು ಮೊದಲು

ಕಲ್ಯಾಣದುರ್ಗದ ನೇಕಾರರ ಬೀದಿಯಲ್ಲಿರುವ ಆ ಮನೆಯನ್ನು ಊರಿನವರು ಈಗಲೂ ಟೀಚರಮ್ಮನ ಮನೆ ಎಂದೇ ಕರೆಯುತ್ತಾರೆ. ಟೀಚರಮ್ಮ ಎಂದರೆ ನನ್ನ ಅಮ್ಮ ಎಂದು ಹೊಸಬರು ತಿಳಿದಿದ್ದಾರೆ. ಅಮ್ಮನೂ ಆ ಮನೆಯಲ್ಲಿದ್ದುಕೊಂಡೇ ಪಾಠ ಹೇಳಿ ನಿವೃತ್ತಳಾದವಳು, ಹಾಗಾಗಿ ತಪ್ಪೇನೂ ಇಲ್ಲ. ಆದರೆ ಮನೆಗೆ ಆ ಹೆಸರು ಬಂದದ್ದು ಅಮ್ಮನಿಗಿಂತ ಮುಂಚೆ ಅಲ್ಲಿದ್ದ ಚೌಡಮ್ಮ ಟೀಚರಿಂದ. ಅವರು ತೀರಿಕೊಂಡ ಮೇಲೆ ಅವರ ತಮ್ಮನ ಮಕ್ಕಳಿಂದ ಅಮ್ಮ ಅದನ್ನು ಕೊಂಡುಕೊಂಡಳು. ಈಗ ಅಮ್ಮ ಹಿಂದೂಪುರದಲ್ಲಿ ನನ್ನ ಜೊತೆಗಿದ್ದಾಳೆ. ಕಲ್ಯಾಣದುರ್ಗದ ಮನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರಿದ್ದಾರೆ, ಅವರೂ ಟೀಚರುಗಳೇ. ಹೋದ ಬೇಸಿಗೆಯಲ್ಲಿ ಮಾಳಿಗೆ ರಿಪೇರಿ ಮಾಡಿಸಲು ನಾನು ಅಲ್ಲಿಗೆ ಹೋಗಿದ್ದೆ. ಮೇಸ್ತ್ರಿ ಗೋಡೆಗಳನ್ನೆಲ್ಲ ತಟ್ಟಿ ನೋಡಿ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಹೇಳಿದ:

"ಇದ್ನ ಕೆಡವ್ಬುಡಮ್ಮಾ. ಏನೈತೆ ಇದ್ರಾಗೆ? ಕೆತ್ತನೆ ಬಾಗ್ಲಾ, ತೇಗದ ಕಂಬನಾ? ಬರೀ ಕಲ್ಲು, ಮಣ್ಣು. ಹೊಸ್ದು ಕಟ್ಟಿದ್ರೆ ಮೂರು ಪೋರ್ಷನ್ ಬತ್ತದೆ ಕಣಮ್ಮ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ನೋಡುವಂಥ ಮನೆಯಲ್ಲ. ಒಂದರ ಹಿಂದೊಂದು ಮೂರು ಅಂಕಣ, ಮೇಲೆ ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಒಂದು ಬೇವಿನ ಮರ. ಮುಂದಿನ ಪಡಸಾಲೆಯ ಗೋಡೆಗೆ ಒಂದು ಕಡೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದರು. ಸಂಜೆ ಬೀದಿಯ ಮಕ್ಕಳೆಲ್ಲ ಅಲ್ಲಿ ಕೂತು ಮಗ್ಗಿ ಹೇಳುತ್ತಿದ್ದರು. ನಡುಮನೆಯಲ್ಲಿ ಹಿಂದೆ ಮಗ್ಗವಿತ್ತು. ನೇಯುವವರು ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಮುಚ್ಚದೆ, ಮೇಲೆ ಹಲಗೆ ಹಾಸಿದ್ದರು. ಕಡಲೆಕಾಯಿ ಮೂಟೆ, ಹಳೆಯ ಪಾತ್ರೆ, ನನ್ನ ಗೊಂಬೆಯ ಡಬ್ಬಿ ಎಲ್ಲ ಆ ಗುಂಡಿಯೊಳಗೇ. ನಾನು ಮಲಗುತ್ತಿದ್ದದ್ದು ಆ ಹಲಗೆಗಳ ಮೇಲೆ. ಮಗ್ಗುಲು ಬದಲಿಸಿದರೆ ಡೊಳ್ಳಿನ ಹಾಗೆ ಸದ್ದು ಬರುತ್ತಿತ್ತು. ಕೊನೆಯ ಅಂಕಣ ಅಡುಗೆಮನೆ. ಅದರ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಧ್ಯಾಹ್ನದ ಹೊತ್ತು ಬಿಸಿಲಿನ ಕೋಲು ನೇರ ಒಲೆಯ ಮುಂದೆ ಬಂದು ಬೀಳುತ್ತಿತ್ತು, ಅದರೊಳಗೆ ಹೊಗೆ ಸುತ್ತಿಕೊಂಡು ಮೇಲೇರುತ್ತಿತ್ತು. ನನಗೆ ಬುದ್ಧಿ ಬಂದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ, ನಾನು ಓದಿದ ಶಾಲೆಗಳ ಹೆಸರು ಹೇಳುವುದಿಲ್ಲ, ಆ ಅಡುಗೆಮನೆಯ ಹೆಸರು ಹೇಳುತ್ತೇನೆ.

ನಾವು ಅಲ್ಲಿಗೆ ಹೋದದ್ದು ಜಗಳವಾಡಿಕೊಂಡು. ನಮ್ಮದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಅವರ ಮಾತಿಗೆ ಎದುರಾಡುವವರು ಮನೆಯಲ್ಲೂ ಇರಲಿಲ್ಲ, ಮಾರ್ಕೆಟ್ಟಿನಲ್ಲೂ ಇರಲಿಲ್ಲ. ಅಮ್ಮ ಹಿಂದೂಪುರದಲ್ಲೇ ಶಾಲೆಗೆ ಹೋಗಿ ಬರುತ್ತಿದ್ದಷ್ಟು ದಿನ ಯಾರಿಗೂ ತೊಂದರೆಯಿರಲಿಲ್ಲ; ಬೆಳಿಗ್ಗೆ ಮನೆಗೆಲಸ ಮುಗಿಸಿ ಹೋಗಿ, ಸಂಜೆ ಬಂದು ಮತ್ತೆ ಒಲೆ ಮುಂದೆ ಕೂರುತ್ತಿದ್ದಳು. ಅವಳಿಗೆ ಕಲ್ಯಾಣದುರ್ಗಕ್ಕೆ ಟ್ರಾನ್ಸ್‌ಫರ್ ಆಯಿತು ಎಂದು ತಿಳಿದ ದಿನ ದೊಡ್ಡಪ್ಪ ಊಟದ ಮುಂದೆ ಕೂತು, ತಲೆ ಎತ್ತದೆ ಹೇಳಿದರು:

"ರಾಜೀನಾಮೆ ಬರ್ಕೊಟ್ಬುಡ್ಲಿ. ನಮ್ಮನೆ ಹೆಂಗಸ್ರು ಪರಊರಾಗೆ ರೂಮು ಮಾಡ್ಕೊಂಡಿರೋದು ಬ್ಯಾಡ."

ಬಾಗಿಲ ಮರೆಯಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಅಮ್ಮ ಒಂದೇ ಮಾತು ಹೇಳಿದಳು.

"ನಾನು ಹೋಯ್ತೀನಿ ಭಾವ."

ದೊಡ್ಡಪ್ಪ ಅದನ್ನು ರಾಜೀನಾಮೆ ಬರೆದುಕೊಡಲು ಶಾಲೆಗೆ ಹೋಗುವ ಮಾತು ಎಂದುಕೊಂಡರು. ಅಮ್ಮ ಹೇಳಿದ್ದು ಕಲ್ಯಾಣದುರ್ಗಕ್ಕೆ ಹೋಗುವ ಮಾತು. ಅವಳು ಟ್ರಂಕು ಕಟ್ಟುವುದನ್ನು ನೋಡಿದ ಮೇಲೆ ಮನೆಯಲ್ಲಿ ಗದ್ದಲವಾಯಿತು. ಅಜ್ಜಿ ಅತ್ತಳು. ದೊಡ್ಡಪ್ಪ ಅಂಗಡಿಯಿಂದ ಒಳಗೆ ಬರಲೇ ಇಲ್ಲ. ಹೊರಡುವ ಬೆಳಿಗ್ಗೆ ಅಪ್ಪ, ಮಂಡಿಯ ಆಳುಗಳನ್ನು ಕರೆಯದೆ, ಟ್ರಂಕನ್ನು ತಾನೇ ಹೆಗಲ ಮೇಲೆ ಎತ್ತಿಕೊಂಡು ಅಂಗಡಿಯ ಮುಂದಿನಿಂದಲೇ ನಡೆದ. ಬಜಾರಿನವರೆಲ್ಲ ನೋಡಿದರು. ಅಪ್ಪ ಮಾತಿನ ಮನುಷ್ಯನಲ್ಲ. ಅಣ್ಣನಿಗೆ ಅವನು ಕೊಟ್ಟ ಉತ್ತರ ಅಷ್ಟೇ. ಸೋಮಂದೇಪಲ್ಲಿ, ರೊದ್ದಂ ದಾಟಿ, ಪಾವಗಡದಲ್ಲಿ ಬಸ್ಸು ಬದಲಿಸಿ ನಾವು ಕಲ್ಯಾಣದುರ್ಗ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಊರಿಗೆ ಬರುವ ಹೆಂಗಸು ಮೇಡಮ್ಮುಗಳೆಲ್ಲ ಮೊದಲು ಹೋಗುವುದು ಟೀಚರಮ್ಮನ ಮನೆಗೇ ಎಂದು ಬಸ್ ಸ್ಟ್ಯಾಂಡಿನ ಹೂವಿನವಳು ದಾರಿ ತೋರಿಸಿದಳು.

ಚೌಡಮ್ಮ ಟೀಚರ್ ಆಗಲೇ ನಿವೃತ್ತರು. ಕಡ್ಡಿಯಂಥ ಮೈ, ಬಿಳಿ ಸೀರೆ, ಕಿವಿಗೆ ಹರಳಿನ ಓಲೆ. ನೇಯ್ಗೆಯವರ ಮನೆಯ ಸೊಸೆ. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದಮೇಲೆ ಹಟ ಹಿಡಿದು ಓದಿ ಟೀಚರಾದವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು.

"ಹೊಸ ಟೀಚರಾ? ರಾ ತಲ್ಲೀ, ರಾ. ಮೊದ್ಲು ಕಾಲು ತೊಳ್ಕೊಳ್ಳಿ. ಬಾಡಿಗೆ ಮಾತೆಲ್ಲ ಆಮೇಲೆ."

ಆ ಮಧ್ಯಾಹ್ನ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ತಟ್ಟೆ ಇಟ್ಟರು. ಹಬೆಯಾಡುವ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕಡಲೆಕಾಯಿ ಚಟ್ನಿ. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಟೀಚರ್ ಮೊದಲ ಮುದ್ದೆಯನ್ನು ತಮ್ಮ ತಟ್ಟೆಗೇ ಹಾಕಿಕೊಂಡು, ನಮ್ಮ ಎದುರಿಗೇ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಮತ್ತೊಂದು ತುತ್ತು. ಆಮೇಲೆ ನೀರು ಕುಡಿದು, ಕೈ ತೊಳೆದು, ನಮಗೆ ಬಡಿಸಿದರು. ಅತಿಥಿಗಳನ್ನು ಕೂರಿಸಿಕೊಂಡು ತಾನು ಮೊದಲು ಉಣ್ಣುವ ಹೆಂಗಸನ್ನು ಅಮ್ಮ ಕಂಡಿರಲಿಲ್ಲ. ಅವಳ ಮುಖ ನೋಡಿ ಟೀಚರಿಗೆ ನಗು ಬಂತು.

"ಈ ಮನೇಲಿ ಹಂಗೇ. ಬೇಯಿಸಿದೋರು ಮೊದ್ಲು. ನಾಳೆ ನೀನು ಬೇಯಿಸಿದ್ರೆ ನೀನು ಮೊದ್ಲು."

"ಯಾಕೆ ಟೀಚರ್?"

"ಉಪ್ಪು ಸರಿ ಐತೋ ಇಲ್ವೋ ಗೊತ್ತಾಗ್ಬೇಕಲ್ಲ."

ಉಪ್ಪಿನ ಕಾರಣವನ್ನು ಅಮ್ಮ ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ. ಮಾರನೆಯ ದಿನದಿಂದ ಅವರಿಬ್ಬರೂ ಸರದಿ ಹಾಕಿಕೊಂಡರು. ಅಮ್ಮನ ಸರದಿಯ ದಿನ ಅವಳು ಮೊದಲು ಉಣ್ಣುತ್ತಿದ್ದಳು, ನಾನೂ ಟೀಚರೂ ಎದುರಿಗೆ ಕೂತು ಕಾಯುತ್ತಿದ್ದೆವು. ಮೊದಮೊದಲು ಅವಳು ಎರಡು ತುತ್ತನ್ನು ಗಬಕ್ಕನೆ ನುಂಗಿ ಎದ್ದುಬಿಡುತ್ತಿದ್ದಳು. ಟೀಚರ್ ಅವಳ ಸೆರಗು ಹಿಡಿದು ಮತ್ತೆ ಕೂರಿಸುತ್ತಿದ್ದರು. ಬರಬರುತ್ತ ಅವಳು ನಿಧಾನವಾಗಿ ಅಗಿಯುವುದನ್ನು ಕಲಿತಳು. ಉಣ್ಣುತ್ತ ಉಣ್ಣುತ್ತಲೇ ಶಾಲೆಯ ಸುದ್ದಿ ಹೇಳುತ್ತಿದ್ದಳು. ಹೆಡ್‌ಮಾಸ್ಟರು ಕುರ್ಚಿಯಲ್ಲಿ ಗೊರಕೆ ಹೊಡೆಯುವುದನ್ನು ಅವಳು ಮಾಡಿ ತೋರಿಸಿದರೆ ಟೀಚರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಅಮ್ಮನಿಗೆ ಇನ್ನೊಬ್ಬರ ದನಿ ಅನುಕರಿಸಲು ಬರುತ್ತದೆ ಎಂಬುದು ನನಗೆ ತಿಳಿದದ್ದೇ ಆಗ. ಹಿಂದೂಪುರದಲ್ಲಿ ಅವಳ ದನಿಯನ್ನೇ ನಾನು ಸರಿಯಾಗಿ ಕೇಳಿರಲಿಲ್ಲ.

ಅಪ್ಪ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಹೀಗೆ ಮಳೆಗಾಲ ಕಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ ಅಪ್ಪನ ಬದಲು ಅಜ್ಜಿ ಬಂದಳು. ಒಬ್ಬಳೇ, ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಹುಣಸೆಹಣ್ಣಿನ ಚೀಲ. ಅಮ್ಮನ ಕೆಲಸ ಬಿಡಿಸಿ ಕರೆತರುತ್ತೇನೆ ಎಂದು ದೊಡ್ಡಪ್ಪನಿಗೆ ಮಾತು ಕೊಟ್ಟು ಬಂದಿದ್ದಳು. ಬೀದಿಯಿಂದಲೇ ದನಿ ಏರಿಸಿದಳು.

"ಪಾರ್ವತೀ, ಹೊರಡು. ಗಂಡನ್ನ ಅಲ್ಲಿ ಬಿಟ್ಟು, ನೀನಿಲ್ಲಿ ಕಂಡೋರ ಮನ್ಯಾಗೆ..."

ಆ ಮಾತು ಮುಗಿಯಲಿಲ್ಲ. ಮನೆಯ ಮುಂದಿನ ಕಲ್ಲಿನ ಮೆಟ್ಟಿಲು ಎತ್ತರ. ಕೋಪದಲ್ಲಿ ಮೆಟ್ಟಿಲು ನೋಡದೆ ಕಾಲಿಟ್ಟ ಅಜ್ಜಿ ಜಾರಿ ಬಿದ್ದಳು. ಪಾದ ಹೊರಳಿ ಆಗಿಂದಾಗಲೇ ಊದಿಕೊಂಡಿತು. ಟೀಚರ್ ಓಡಿ ಬಂದು ಅವಳನ್ನು ಎತ್ತಿ ಕೂರಿಸಿದರು. ನಾಟಿ ವೈದ್ಯ ಬಂದು ಬಿದಿರಿನ ದಬ್ಬೆ ಕಟ್ಟಿ, ಊತ ಇಳಿಯುವವರೆಗೆ ಕಾಲು ಊರಬೇಡಿ, ಬಸ್ಸಂತೂ ಹತ್ತಲೇಬೇಡಿ ಎಂದ. ನಮ್ಮನ್ನು ಕರೆದೊಯ್ಯಲು ಬಂದವಳು ನಡುಮನೆಯ ಹಲಗೆಯ ಮೇಲೆ ನನ್ನ ಹಾಸಿಗೆಯಲ್ಲೇ ಮಲಗಿದಳು.

ಅಜ್ಜಿಯ ಮಡಿ ಬಹಳ. ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ, ಹಣೆಯ ತುಂಬ ವಿಭೂತಿ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುವವಳಲ್ಲ. ಅಂಥವಳು ನೇಯ್ಗೆಯವರ ಅಡುಗೆ ಉಣ್ಣುತ್ತಾಳೆಯೇ? ಬೆಲ್ಲ, ಬಾಳೆಹಣ್ಣಿನಲ್ಲಿ ದಿನ ದೂಡಿದಳು. ಅಮ್ಮ ಮಾಡಿದ್ದನ್ನಾದರೂ ಉಣ್ಣಿ ಎಂದರೆ, ಪಾತ್ರೆ ಅವರದಲ್ಲವಾ ಎಂದಳು. ಹೊಟ್ಟೆ ತಾಳಲಿಲ್ಲ. ಶಾಲೆಗೆ ರಜೆಯಿದ್ದ ಒಂದು ದಿನ ಮಣೆಯ ಮೇಲೆ ಕೂತು ಜಾರಿಕೊಂಡೇ ಅಡುಗೆಮನೆ ಸೇರಿದಳು. ತಾನು ತಂದ ಹುಣಸೆಹಣ್ಣಿನಲ್ಲಿ ಪಾತ್ರೆಗಳನ್ನೆಲ್ಲ ಬಂಗಾರದಂತೆ ಬೆಳಗಿಸಿ, ಒಲೆಗೆ ಸೆಗಣಿ ಬಳಿಸಿ, ಇನ್ನು ಇಲ್ಲಿ ಅಡುಗೆ ತನ್ನದೇ ಎಂದು ಸಾರಿದಳು. ಟೀಚರ್ ಎದ್ದು ಜಾಗ ಬಿಟ್ಟುಕೊಟ್ಟರು. ಅವರಿಗೆ ಬೇಸರವಾಗಿರಬೇಕು ಎಂದು ನಾನು ಅಂದುಕೊಂಡೆ. ಇಲ್ಲ, ಅವರು ಊಟದ ಹೊತ್ತಿಗಾಗಿ ಕಾಯುತ್ತಿದ್ದರು.

ಅಜ್ಜಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಇಳಿಸಿ, ಪೂಜೆ ಮುಗಿಸಿ ನಮ್ಮನ್ನು ಕರೆದಳು. ನಾವು ಬಂದು ಕೂತೆವು. ಟೀಚರ್ ಮೊದಲ ಮುದ್ದೆ ತೆಗೆದು ಅಜ್ಜಿಯ ಮುಂದಿಟ್ಟರು.

"ತಿನು ಗುರಮ್ಮಾ," ಎಂದರು, ಅಜ್ಜಿಯನ್ನು ಹೆಸರು ಹಿಡಿದೇ ಕರೆದು.

"ನಾನಾ? ನಿಮ್ಗೆಲ್ಲ ಇಕ್ಕಿ ಆಮೇಲೆ."

"ಇಲ್ಲ. ಬೇಯಿಸಿದೋರು ಮೊದ್ಲು. ಈ ಇಂಟ್ಲೋ ಅದೇ ಪದ್ಧತಿ."

ಅಜ್ಜಿಗೆ ರೇಗಿಹೋಯಿತು. ಹಿಂದೂಪುರದ ಮನೆಯ ಪದ್ಧತಿ ಅವಳೇ ಕಟ್ಟಿ ನಿಲ್ಲಿಸಿದ್ದು. ಮೊದಲು ಗಂಡಸರ ಸಾಲು, ಆಮೇಲೆ ಮಕ್ಕಳು, ಆಮೇಲೆ ಮಂಡಿಯ ಆಳುಗಳು. ಅಷ್ಟಾದ ಮೇಲೆ ದೊಡ್ಡಮ್ಮ ಮತ್ತು ಅಮ್ಮ. ಎಲ್ಲರದೂ ಆಯಿತು ಎಂದು ಖಾತ್ರಿಯಾದ ಮೇಲೆ ಅಜ್ಜಿ. ಕೊನೆಯವಳಾಗಿ ಉಣ್ಣುವುದೇ ಅವಳಿಗೊಂದು ಹೆಮ್ಮೆ.

"ಮಗಿ ಹಸ್ಕೊಂಡು ಕುಂತಿರುವಾಗ ನಾನು ತಿನ್ಲಾ? ಯಾವ ದೇವ್ರು ಮೆಚ್ತಾನೆ?"

"ದೇವ್ರಿಗೆ ಇಟ್ಟಾಯ್ತಲ್ಲ. ಪೂಜೆ ಮಾಡಿದ ಕೈಗೇ ತಾನೆ ಮೊದ್ಲು ಪ್ರಸಾದ? ಇದೂ ಹಂಗೇ ಅನ್ಕೋ."

"ನಾನು ತಿನ್ನಲ್ಲ."

"ಸರಿ. ನೀನು ತಿನ್ನೋಗಂಟ ನಾವೂ ತಿನ್ನಲ್ಲ."

ಇಬ್ಬರೂ ಗೋಡೆಗೊರಗಿ ಕೂತುಬಿಟ್ಟರು. ಅಮ್ಮ ಇಬ್ಬರ ಮುಖವನ್ನೂ ನೋಡಿ ತಲೆ ತಗ್ಗಿಸಿದಳು. ಬೆಳಕಿಂಡಿಯ ಬಿಸಿಲು ಒಲೆಯ ಮುಂದಿನಿಂದ ಸರಿದು ಗೋಡೆ ಹತ್ತಿತು. ಸಾರಿನ ಮೇಲೆ ಕೆನೆ ಕಟ್ಟಿತು. ನನಗೆ ಅಳುವೇ ಬಂತು, ಆದರೂ ಅಳದೆ ಮೂಗು ಎಳೆದುಕೊಂಡೆ. ಆ ಸದ್ದಿಗೆ ಅಜ್ಜಿ ಸೋತಳು. ನಮ್ಮೆಲ್ಲರಿಗೂ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಕೂತು, ಕಳ್ಳತನ ಮಾಡುವವಳ ಹಾಗೆ ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ಇನ್ನಾದ್ರೂ ಆ ಮಗಿಗೆ ಇಕ್ರಮ್ಮ," ಎಂದಳು, ಬಾಯ್ತುಂಬ ಮುದ್ದೆ ಇಟ್ಟುಕೊಂಡು.

ಮರುದಿನವೂ ಬೆನ್ನು ಹಾಕಿಯೇ ಉಂಡಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಪಕ್ಕಕ್ಕೆ ತಿರುಗಿ ಕೂತಳು. ಆಮೇಲೆ ಯಾವಾಗ ನಮ್ಮ ಕಡೆ ಮುಖ ಮಾಡಿದಳೋ ನನಗೆ ನೆನಪಿಲ್ಲ. ನೆನಪಿರುವುದು ಅವಳು ಬಿಸಿ ಮುದ್ದೆಯನ್ನು ಮುರಿಯುತ್ತಿದ್ದ ರೀತಿ. ಬೆರಳು ಸುಟ್ಟು ಕೈ ಕೊಡವಿ, ಊದಿ, ಮತ್ತೆ ಮುರಿದು, ಒಳಗಿನಿಂದ ಬರುವ ಹಬೆಯನ್ನು ಒಂದು ಗಳಿಗೆ ನೋಡುತ್ತಿದ್ದಳು. ಅಷ್ಟು ವರ್ಷ ಮುದ್ದೆ ಕಟ್ಟಿದವಳಿಗೆ ಅದು ಹೊಸ ತಿಂಡಿಯ ಹಾಗೆ ಕಾಣುತ್ತಿತ್ತು. ಒಂದು ದಿನ ತಟ್ಟೆ ಮುಂದಕ್ಕೆ ತಳ್ಳಿ ತಾನಾಗಿಯೇ ಕೇಳಿದಳು:

"ಇನ್ನೊಂಚೂರು ಸಾರು ಬುಡು, ಟೀಚರಮ್ಮಾ."

ಜಗಳವೇನೂ ನಿಲ್ಲಲಿಲ್ಲ. ಮಜ್ಜಿಗೆಗೆ ನೀರು ಜಾಸ್ತಿ, ಒಲೆಗೆ ಸೌದೆ ಜಾಸ್ತಿ, ಸಂಜೆಯ ಮಕ್ಕಳ ಗಲಾಟೆ ಜಾಸ್ತಿ ಎಂದು ಅಜ್ಜಿಯದು ದಿನಕ್ಕೊಂದು ತಕರಾರು. ಟೀಚರೂ ಬಿಡುವವರಲ್ಲ. ಅಜ್ಜಿ ತಪ್ಪಾಗಿ ಹೇಳಿದ ತೆಲುಗನ್ನು ಶಾಲೆಯಲ್ಲಿ ತಿದ್ದಿದ ಹಾಗೆ ತಿದ್ದಿ ಅವಳನ್ನು ಇನ್ನಷ್ಟು ಕೆರಳಿಸುತ್ತಿದ್ದರು. ಆದರೂ ಮಧ್ಯಾಹ್ನ ಅಮ್ಮ ಶಾಲೆಯಲ್ಲಿದ್ದಾಗ ಇಬ್ಬರೂ ಬೇವಿನ ನೆರಳಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಟೀಚರ್ ತಮ್ಮ ಗಂಡನ ಮಗ್ಗದ ಮಾತು ಹೇಳುವರು. ಅಜ್ಜಿ ತನ್ನ ಮದುವೆಯ ಮಾತು ಹೇಳುವಳು. ಸಂಜೆ ಅಮ್ಮ ಬಂದರೆ ಅಜ್ಜಿಯ ಕಣ್ಣು ಅವಳ ಮೇಲೇ ಇರುತ್ತಿತ್ತು. ಪಡಸಾಲೆಯಲ್ಲಿ ಮಕ್ಕಳಿಗೆ ಕತೆ ಹೇಳುತ್ತ ಅಮ್ಮ ಒಮ್ಮೆ ಕರಡಿಯಾಗಿ, ಒಮ್ಮೆ ಮುದುಕಿಯಾಗಿ ಕುಣಿದಾಡುವುದನ್ನು ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನೋಡುತ್ತಿದ್ದಳು. ಒಂದು ಸಂಜೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದಳು:

"ಗಿರಿಜಾ, ನಿಮ್ಮಮ್ಮ ಯಾವಾಗ್ಲೂ ಹಿಂಗೇನಾ?"

"ಇಲ್ಲಿ ಹಿಂಗೇ ಅಜ್ಜಿ."

ಅವಳು ಸೆರಗನ್ನು ಬಾಯಿಂದ ತೆಗೆದು ಮತ್ತೆ ಪಡಸಾಲೆಯ ಕಡೆ ತಿರುಗಿದಳು.

ಅಜ್ಜಿ ಹಿಂದೂಪುರ ಬಿಟ್ಟು ಎಷ್ಟು ದಿನವಾದರೂ ಸೊಸೆಯೂ ಬರಲಿಲ್ಲ, ಅಜ್ಜಿಯೂ ಬರಲಿಲ್ಲ ಎಂದು ಒಂದು ಭಾನುವಾರ ದೊಡ್ಡಪ್ಪ ಬಾಡಿಗೆ ಜೀಪು ಮಾಡಿಕೊಂಡು ಅಪ್ಪನನ್ನೂ ಕೂರಿಸಿಕೊಂಡು ಬಂದಿಳಿದರು. ಅಜ್ಜಿಯ ಕಾಲು ಆಗಲೇ ವಾಸಿಯಾಗಿತ್ತು. ಅವಳು ಮಕ್ಕಳನ್ನು ಕಂಡು ಹಿಗ್ಗಿ, ಒಬ್ಬಟ್ಟು ಮಾಡುತ್ತೇನೆ ಎಂದು ಒಳಗೆ ಹೋದಳು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಗೋಡೆಯ ಕಪ್ಪು ಬಣ್ಣವನ್ನೂ, ಮಕ್ಕಳು ಬಿಟ್ಟುಹೋದ ಬಳಪದ ಚೂರುಗಳನ್ನೂ ನೋಡುತ್ತಿದ್ದರು. ಟೀಚರ್ ಕೊಟ್ಟ ನೀರನ್ನು ಮುಟ್ಟಲಿಲ್ಲ. ಅಮ್ಮನ ಕಡೆ ನೋಡದೆ, ಊಟ ಮುಗಿದ ತಕ್ಷಣ ಸಾಮಾನು ಕಟ್ಟಲಿ ಎಂದು ಅಪ್ಪನಿಗೆ ಹೇಳಿದರು. ನಾನು ಅಮ್ಮನ ಕೈ ಹಿಡಿದುಕೊಂಡೆ.

ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಸಾಲಾಗಿ ಕೂತೆವು. ದೊಡ್ಡಪ್ಪ ಎಂದಿನಂತೆ ಸಾಲಿನ ತುದಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡು ಕಾದರು. ಟೀಚರ್ ಒಂದು ಗಳಿಗೆ ಅಜ್ಜಿಯ ಮುಖ ನೋಡಿದರು. ಇಂದು ಪದ್ಧತಿ ಬೇಕೇ ಬೇಡವೇ ಎಂದು ಅವಳಿಗೇ ಬಿಟ್ಟ ಹಾಗಿತ್ತು ಆ ನೋಟ. ಅಜ್ಜಿ ಕಾವಲಿಯ ಮೇಲಿನ ಮೊದಲ ಒಬ್ಬಟ್ಟನ್ನು ತೆಗೆದು ತನ್ನ ಎಲೆಗೆ ಹಾಕಿಕೊಂಡು, ಮೇಲೆ ತುಪ್ಪ ಸುರಿದುಕೊಂಡು ಕೂತಳು.

"ಏನಮ್ಮಾ ಇದು?" ದೊಡ್ಡಪ್ಪ ನಕ್ಕರು. ಆ ನಗು ಚೆನ್ನಾಗಿರಲಿಲ್ಲ. "ಮಕ್ಳು ಕಾಯ್ಕೊಂಡು ಕುಂತವ್ರೆ, ನೀನು ಮುಂದಾಗಿ ತಿಂತೀಯಾ? ಈ ಮನ್ಯಾಗೆ ಇದ್ನೇನಾ ನಿನ್ಗೆ ಕಲ್ಸಿದ್ದು? ಗಂಡು ದಿಕ್ಕಿಲ್ದಿರೋ ಮನೆ, ಮಾನ ಮರ್ಯಾದೆ ಏನ್ ಗೊತ್ತಾಯ್ತದೆ..."

ಟೀಚರ ಮುಖ ಬಿಳಿಚಿತು. ಅಪ್ಪ "ಅಣ್ಣಾ" ಎಂದ. ಅಜ್ಜಿ ಒಬ್ಬಟ್ಟು ಮುರಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು. ಅವಳು ಅದನ್ನು ಕೆಳಗಿಡುತ್ತಾಳೆ, ಎದ್ದು ಮಗನಿಗೆ ಬಡಿಸುತ್ತಾಳೆ, ನಾವೆಲ್ಲ ಜೀಪು ಹತ್ತುತ್ತೇವೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಅಜ್ಜಿ ಆ ತುಂಡನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು, ನುಂಗಿ, ಆಮೇಲೆ ಮಾತಾಡಿದಳು.

"ಹೂಂ ಕಣಪ್ಪ, ತಿಂತೀನಿ. ಬೇಯಿಸಿದ್ದು ನಾನು. ನೀನು ಕಾಯ್ಕೊಂಡಿರು. ನಿಮ್ಮಪ್ಪನ ಕಾಲದಿಂದ ಆ ಮನ್ಯಾಗೆ ಹಬ್ಬಹಬ್ಬಕ್ಕೂ ಒಬ್ಬಟ್ಟು ತಟ್ಟಿವ್ನಿ. ಬಿಸಿ ಒಬ್ಬಟ್ಟು ಹೆಂಗಿರ್ತದೆ ಅಂತ ಬಾಯಿಗೆ ಗೊತ್ತಿದ್ದಿಲ್ಲ ಕಣ್ಲಾ. ನೀನ್ಯಾವತ್ತಾದ್ರೂ ಕೇಳ್ದಾ, ಅಮ್ಮಾ ಉಂಡ್ಯಾ ಅಂತ?"

ದೊಡ್ಡಪ್ಪ ಬಾಯಿ ತೆರೆದರು. ಅಜ್ಜಿ ಬಿಡಲಿಲ್ಲ.

"ಈ ಯಮ್ಮ ಕೇಳ್ತು. ನಮ್ ಕುಲವಲ್ಲ, ಬಳಗವಲ್ಲ, ನಾನು ಬಂದು ಬಾಯಿಗೆ ಬಂದಂಗೆ ಬೈದ್ರೂ ನನ್ ಕಾಲು ಒತ್ತಿ, ಮೊದ್ಲ ತುತ್ತು ನನ್ಗೇ ಇಕ್ತು. ಅವಳ ಮನ್ಯಾಗೆ ಕುಂತು ಅವಳ್ನ ಅಂದ್ರೆ ನಾನು ಸುಮ್ಕಿರಲ್ಲ. ಇನ್ನು ಪಾರ್ವತಿ ಮಾತು. ಅವಳ ಕೆಲ್ಸ ಬಿಡ್ಸಕ್ಕೇ ನಾನು ಬಂದಿದ್ದು, ದಿಟ. ಬಿಡ್ಸಲ್ಲ. ಈ ಹುಡುಗಿ ನಗೋದ್ನ ನಾನು ಇಲ್ಲಿಗೆ ಬಂದ್ಮೇಲೆ ನೋಡ್ದೆ. ನಮ್ಮನ್ಯಾಗೆ ಅವ್ಳು ಯಾಕೆ ನಗ್ತಿದ್ದಿಲ್ಲ ಅಂತ ನೀನು ಹೇಳು, ಆಮೇಲೆ ಕರ್ಕೊಂಡ್ ಹೋಗು."

ದೊಡ್ಡಪ್ಪ ಎಲೆಯನ್ನೇ ನೋಡುತ್ತ ಕೂತರು. ಎದ್ದು ಹೋಗಲಿಲ್ಲ, ಅದೇ ದೊಡ್ಡದು. ಅಜ್ಜಿ ತನ್ನ ಒಬ್ಬಟ್ಟನ್ನು ಮುಗಿಸಿ, ಕೈ ತೊಳೆದು, ಎಲ್ಲರಿಗಿಂತ ಮೊದಲು ಅವರ ಎಲೆಗೇ ಎರಡು ಹಾಕಿದಳು. ಅವರು ತಿಂದರು. ಸಂಜೆ ಜೀಪು ಹೊರಟಾಗ ಅದರಲ್ಲಿ ಅಮ್ಮನ ಟ್ರಂಕು ಇರಲಿಲ್ಲ. ಅಪ್ಪ ಇಳಿಯುವ ಬಿಸಿಲಿನಲ್ಲಿ ಅಮ್ಮನ ಹತ್ತಿರ ನಿಂತು ಏನೋ ಹೇಳುತ್ತಿದ್ದ. ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಅಜ್ಜಿ ಆ ಜೀಪಿನಲ್ಲಿ ಹೋಗಲಿಲ್ಲ. ಇನ್ನೂ ಒಂದಷ್ಟು ದಿನ ಇದ್ದು, ಹೊರಡುವ ಬೆಳಿಗ್ಗೆ ಪೂಜೆಗೆ ಕೂರುವ ಮುನ್ನ ಟೀಚರನ್ನು ಕರೆದು ಹೇಳಿದಳು:

"ಇವತ್ತು ನೀನು ಬೇಯ್ಸು ಟೀಚರಮ್ಮಾ. ನಾನು ಉಂಡು ಹೋಯ್ತೀನಿ."

ಟೀಚರ್ ಉಗ್ಗಾನಿ ಮಾಡಿದರು, ನೆನೆಸಿದ ಮಂಡಕ್ಕಿಗೆ ಹುರಿಗಡಲೆ ಪುಡಿ ಹಾಕಿದ ಒಗ್ಗರಣೆ. ತಾವು ಮೊದಲು ಉಂಡರು. ಅಜ್ಜಿ ಎದುರಿಗೆ ಕೂತು ಕಾದಳು, ಆಮೇಲೆ ತಟ್ಟೆ ಒಡ್ಡಿದಳು. ಉಪ್ಪು ಒಂಚೂರು ಕಮ್ಮಿ ಎಂದಳು. ಇಬ್ಬರೂ ನಕ್ಕರು. ಮಡಿಯ ಬಗ್ಗೆ ಅವಳು ಆಮೇಲೂ ಯಾರಿಗೂ ವಿವರಣೆ ಕೊಡಲಿಲ್ಲ.

ಮುಂದೆ ಅಮ್ಮನಿಗೆ ಹಿಂದೂಪುರಕ್ಕೆ ಬರುವ ಅವಕಾಶಗಳು ಬಂದವು. ಅಷ್ಟರಲ್ಲಿ ಟೀಚರಿಗೆ ಕಣ್ಣು ಮಂಜಾಗಿತ್ತು, ಅಮ್ಮ ಅವರನ್ನು ಬಿಟ್ಟು ಬರಲಿಲ್ಲ. ಅಪ್ಪನೇ ಕಲ್ಯಾಣದುರ್ಗದಲ್ಲೊಂದು ಚಿಕ್ಕ ಅಂಗಡಿ ಇಟ್ಟ. ನನಗೆ ಓದಿಗಿಂತ ವ್ಯಾಪಾರ ಹಿಡಿಸಿತು. ಹುಣಸೆಹಣ್ಣನ್ನು ಹಿಸುಕಿ ನೋಡಿ ಯಾವ ಕಡೆಯ ಮರದ್ದು, ಹೊಸತೋ ಹಳತೋ ಎಂದು ಹೇಳುವುದನ್ನು ನನಗೆ ಕಲಿಸಿದವರು ದೊಡ್ಡಪ್ಪನೇ. ಇಂದು ಹಿಂದೂಪುರದ ಮಂಡಿಯಲ್ಲಿ ಅವರ ಜಾಗದಲ್ಲಿ ಕೂತು ಹರಾಜು ಕೂಗುವವಳು ನಾನು. ಗಂಡಸರ ನಡುವೆ ದನಿ ಎತ್ತಲು ನನಗೆ ಯಾವತ್ತೂ ಅಂಜಿಕೆಯಾಗಿಲ್ಲ. ಅದಕ್ಕೆ ಕಾರಣ ಹುಡುಕಿದರೆ ನನಗೆ ಕಲ್ಯಾಣದುರ್ಗದ ಅಡುಗೆಮನೆಯ ಜೊತೆಗೆ ಅಜ್ಜಿ ಬಂದುಹೋದ ಮೇಲಿನ ಯುಗಾದಿಯೂ ನೆನಪಾಗುತ್ತದೆ. ಹಬ್ಬಕ್ಕೆ ಅಮ್ಮನೂ ನಾನೂ ಹಿಂದೂಪುರಕ್ಕೆ ಹೋಗಿದ್ದೆವು.

ಅಂದು ಅಡುಗೆ ಮಾಡಿದ್ದು ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ. ಮಾತು ಕಡಿಮೆ, ಕೆಲಸ ಜಾಸ್ತಿ, ಯಾವಾಗಲೂ ಒದ್ದೆಯಾಗಿರುವ ಕೈ. ಗಂಡಸರು ಬಂದು ಸಾಲಿನಲ್ಲಿ ಕೂತರು. ಅಜ್ಜಿ ದೊಡ್ಡಮ್ಮನ ಕೈಯಿಂದ ಸೌಟು ಕಿತ್ತುಕೊಂಡು, ಅವಳ ಭುಜ ಒತ್ತಿ, ದೊಡ್ಡಪ್ಪನ ಎದುರಿಗೇ ಮಣೆಯ ಮೇಲೆ ಕೂರಿಸಿ ಎಲೆ ಹಾಕಿ ಬಡಿಸಿದಳು. ದೊಡ್ಡಮ್ಮನಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಸೆರಗು ಮುಖದ ಮೇಲೆ ಎಳೆದುಕೊಂಡು, ಎಲೆ ಮುಟ್ಟದೆ ಕೂತಳು. ಎಲ್ಲರೂ ದೊಡ್ಡಪ್ಪನ ಕಡೆ ನೋಡುತ್ತಿದ್ದರು. ಅವರು ತಮ್ಮ ಮುಂದಿನ ಖಾಲಿ ಎಲೆಯನ್ನು ನೋಡಿದರು, ಹೆಂಡತಿಯ ಬಗ್ಗಿದ ತಲೆಯನ್ನು ನೋಡಿದರು.

"ತಿನ್ನೇ," ಎಂದರು, ನಾನು ಅವರಿಂದ ಅದುವರೆಗೆ ಕೇಳಿರದ ದನಿಯಲ್ಲಿ. "ಆರೋಯ್ತದೆ."

ದೊಡ್ಡಮ್ಮ ಅನ್ನಕ್ಕೆ ಕೈಯಿಟ್ಟಳು.